ಹೈಸ್ಕೂಲು ಮಕ್ಕಳ ಕೈಗೆ ಅಡಿಕೆ ಲೆಕ್ಕ ಕೊಡಿ

ಒಂಬತ್ತು, ಹತ್ತರ ಮಕ್ಕಳಿಗೆ ವ್ಯಾಪಾರ ಕಲಿಸಲು ಬೇರೆ ಕೋರ್ಸ್ ಬೇಡ. ಕೇರಳದ ಕಾಸರಗೋಡು ಕಡೆಯ ನಮ್ಮ ಬದಿಯಡ್ಕ ಪೇಟೆಗೆ ಅಡಿಕೆ ಕೊಡಲು ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ.

ಕಳೆದ ಸಲ ಮಗಳ ಕೈಗೆ ನೋಟ್‌ಬುಕ್ ಕೊಟ್ಟೆ. ತೂಕ, ದರ, ಸುಲಿದ ಕೂಲಿ, ಜೀಪಿನ ಬಾಡಿಗೆ ಎಲ್ಲ ಅವಳೇ ಬರೆದಳು. ಪಟೋರ, ಕರಿಗೋಟು ಅಂತ ಬೇರೆ ಮಾಡುವ ಕೆಳದರ್ಜೆಯ ಅಡಿಕೆಗೆಲ್ಲ ದರ ಯಾಕೆ ಕಮ್ಮಿ ಅಂತ ಅಂಗಡಿಯವರನ್ನೇ ಕೇಳಿದಳು, ಅದೂ ಮಲಯಾಳದಲ್ಲಿ! ಮನೆಗೆ ಬಂದು ಖರ್ಚು ಕಳೆದು ನೋಡಿದರೆ, ಉಳಿದದ್ದು ನಾನು ಅಂದುಕೊಂಡದ್ದಕ್ಕಿಂತ ಕಮ್ಮಿ. ಇಷ್ಟು ವರ್ಷ ನಾನು ಸುಮ್ನೆ ಅಂದಾಜಿನಲ್ಲೇ ಇದ್ದೆ.

ಇನ್ನೊಂದು. 10 ವರ್ಷ ದಾಟಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ನಡೆಸಲು ರಿಸರ್ವ್ ಬ್ಯಾಂಕಿನ ಒಪ್ಪಿಗೆ ಇದೆ. ಮಿತಿ ಎಷ್ಟು ಅಂತ ನಿಮ್ಮ ಬ್ಯಾಂಕಿನಲ್ಲೇ ಕೇಳಿ. ಚಲನ್ ಮಕ್ಕಳೇ ತುಂಬಲಿ, ಅಭ್ಯಾಸ ಆಗಲಿ. ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಮಲಯಾಳ ಫಾರ್ಮ್ ಕಂಡರೆ ಹೆದರಿಕೆ ಜಾಸ್ತಿ, ಅಲ್ವಾ?