ಇ-ಫೈಲಿಂಗ್ ಮಾಡುವ ವಕೀಲರೇ, ಮೊದಲು ಪಿಡಿಎಫ್ ಸರಿಮಾಡಿ

ಇ-ಫೈಲಿಂಗ್, ಅಂದರೆ ಕೇಸನ್ನು ಆನ್‌ಲೈನ್‌ನಲ್ಲಿ ಸಲ್ಲಿಸುವ ಮಾತು ಬಂದರೆ ವಕೀಲರ ಸಂಘದಲ್ಲಿ ಬೈಗುಳ ತಿನ್ನುವುದು ಪೋರ್ಟಲ್. ಆದರೆ ಕೋರ್ಟ್‌ನಿಂದ ವಾಪಸ್ ಬಂದ ಫೈಲ್ ತೆರೆದು ನೋಡಿ: ಪುಟಗಳು ತಲೆಕೆಳಗು, ಅಂಚಿನ ಸಹಿ ಅರ್ಧ, ನಡುವೆ ಯಾರದೋ ಹೆಬ್ಬೆರಳು. ಸುಪ್ರೀಂ ಕೋರ್ಟ್‌ನಲ್ಲಿ ಈ ವ್ಯವಸ್ಥೆ ಶುರುವಾಗಿದ್ದು 2006ರಲ್ಲಿ. ಇನ್ನೂ ಹೊಸದು ಅಂತ ಹೇಳುವ ಹಾಗಿಲ್ಲ.

ಹಂತ 1: ನೋಂದಣಿ

ಇ-ಕೋರ್ಟ್ಸ್‌ನ ಇ-ಫೈಲಿಂಗ್ ತಾಣದಲ್ಲಿ ಬಾರ್ ಕೌನ್ಸಿಲ್ ನೋಂದಣಿ ಸಂಖ್ಯೆ, ಮೊಬೈಲ್, ಇಮೇಲ್ ಕೊಟ್ಟು ಖಾತೆ ತೆರೆಯಿರಿ. ಮೊಬೈಲ್ ನಿಮ್ಮದೇ ಇರಲಿ. ಜೂನಿಯರ್ ನಂಬರ್ ಕೊಟ್ಟರೆ ಅವರು ಆಫೀಸ್ ಬಿಟ್ಟ ದಿನ ಒಟಿಪಿಯೂ ಅವರ ಜೊತೆ ಹೋಗುತ್ತದೆ.

ಹಂತ 2: ಪಿಡಿಎಫ್

ಎಲ್ಲರೂ ಎಡವುವುದು ಇಲ್ಲೇ. ನೀವೇ ಟೈಪ್ ಮಾಡಿಸಿದ ದಾವೆಯನ್ನು ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡುವುದೇಕೆ? ವರ್ಡ್‌ನಿಂದಲೇ ಪಿಡಿಎಫ್ ಮಾಡಿ. ಕೈಸಹಿ ಬಿದ್ದ ಪುಟಗಳನ್ನಷ್ಟೇ ಸ್ಕ್ಯಾನ್ ಮಾಡಿ ಸೇರಿಸಿ.

ಕನ್ನಡದಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್ ಇರಲೇಬೇಕು. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಬೇರೆ ಸಂಕೇತಗಳು. ಪ್ರತಿವಾದಿಯ ಹೆಸರು ಹುಡುಕಿದರೂ ಸಿಗುವುದಿಲ್ಲ. ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಓದಿ. ಕೆಡುವುದು ಅಲ್ಲೇ ಜಾಸ್ತಿ.

ಸ್ಕ್ಯಾನರ್‌ನಲ್ಲಿ 300 ಡಿಪಿಐ (ಚಿತ್ರದ ಸ್ಪಷ್ಟತೆಯ ಅಳತೆ), ಕಪ್ಪು-ಬಿಳುಪು ಇಡಿ. ಮಾಸಿದ ಮೊಹರು ಇದ್ದರೆ ಗ್ರೇಸ್ಕೇಲ್. ಕಪ್ಪು-ಬಿಳುಪಿನಲ್ಲಿ ಅದು ಮಾಯವಾಗುತ್ತದೆ. ಹಳೇ ಕ್ರಯಪತ್ರದ ಛಾಪಾಕಾಗದ ಎ4ಗಿಂತ ಉದ್ದ. ಎ4 ಅಳತೆಯಲ್ಲೇ ಸ್ಕ್ಯಾನ್ ಮಾಡಿದರೆ ಕೆಳಗಿನ ಸಾಕ್ಷಿಗಳ ಸಹಿ ಹೋಯಿತು ಅಂತಲೇ ಲೆಕ್ಕ. ಲೀಗಲ್ ಅಳತೆಯಲ್ಲಿ ತೆಗೆದು ಆಮೇಲೆ ಎ4ಗೆ ಕುಗ್ಗಿಸಿ. ಹಿಂಬದಿ ನೋಡಲು ಮರೆಯಬೇಡಿ, ಸಬ್‌ರಿಜಿಸ್ಟ್ರಾರ್ ಮೊಹರು ಅಲ್ಲಿರಬಹುದು. ಸರ್ಕಾರದ ಭೂಮಿ (ಪಹಣಿ), ಕಾವೇರಿ (ಆಸ್ತಿ ನೋಂದಣಿ) ತಾಣಗಳಿಂದ ಇಳಿಸಿಕೊಂಡ ಪಿಡಿಎಫ್ ಕೈಯಲ್ಲಿದ್ದರೆ ಅದನ್ನೇ ಬಳಸಿ.

ಪುಕ್ಕಟೆ ಮೊಬೈಲ್ ಸ್ಕ್ಯಾನ್ ಆ್ಯಪ್ ಬೇಡ. ಪ್ರತಿ ಪುಟದ ಕೆಳಗೆ ತನ್ನ ಜಾಹೀರಾತು ಒತ್ತಿದ ದಾಖಲೆಯನ್ನು ನ್ಯಾಯಾಧೀಶರ ಮುಂದೆ ಇಡುವುದು ಚೆನ್ನಾಗಿರುತ್ತದೆಯೇ? ಕಕ್ಷಿದಾರರ ಪತ್ರಗಳನ್ನು 'ಫೈಲ್ ಚಿಕ್ಕದು ಮಾಡಿಕೊಡುತ್ತೇವೆ' ಅನ್ನುವ ಸಿಕ್ಕಸಿಕ್ಕ ತಾಣಕ್ಕೆ ಏರಿಸುವುದಂತೂ ಬೇಡವೇ ಬೇಡ.

ಕೊನೆಗೆ ಪುಟಸಂಖ್ಯೆ ಹಾಕಿ, ಪ್ರತಿ ದಾಖಲೆಗೆ ಬುಕ್‌ಮಾರ್ಕ್ ಕೊಡಿ.

ಹಂತ 3: ಸಹಿ

ಡಿಜಿಟಲ್ ಸಹಿಯ ಟೋಕನ್ (ಕಂಪ್ಯೂಟರ್‌ಗೆ ಚುಚ್ಚುವ ಯುಎಸ್‌ಬಿ ಸಾಧನ) ಇಲ್ಲದಿದ್ದರೆ ಆಧಾರ್ ಇ-ಸೈನ್ ಸಾಕು. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ. ಸಹಿ ಬಿದ್ದ ಮೇಲೆ ಫೈಲ್ ಮುಟ್ಟಬಾರದು. ಒಂದು ಪುಟ ಸೇರಿಸಿದರೂ, ಗಾತ್ರ ಕುಗ್ಗಿಸಿದರೂ ಸಹಿ ಕೆಡುತ್ತದೆ. ಹಾಗಾಗಿ ಕುಗ್ಗಿಸುವುದು, ಜೋಡಿಸುವುದು ಎಲ್ಲ ಮೊದಲೇ ಮುಗಿಸಿ.

ಹಂತ 4: ಶುಲ್ಕ, ಸಲ್ಲಿಕೆ

ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿ, ರಸೀದಿ ಇಟ್ಟುಕೊಂಡು ಸಲ್ಲಿಸಿ. ಕಾಲಮಿತಿಯ ಕೊನೆಯ ದಿನ ಸಂಜೆಗೆ ಇದನ್ನು ಇಟ್ಟುಕೊಳ್ಳುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ.

ಹಂತ 5: ಆಮೇಲೆ

ಸಲ್ಲಿಸಿದ ಕೂಡಲೇ ಕೇಸ್ ದಾಖಲಾಯಿತು ಅಂದುಕೊಳ್ಳಬೇಡಿ. ಪರಿಶೀಲನೆ ಆಗಬೇಕು, ಆಕ್ಷೇಪಣೆ ಬಂದರೆ ತಿದ್ದಿ ಮತ್ತೆ ಕಳಿಸಬೇಕು. ದಿನಾ ಖಾತೆ ತೆರೆದು ನೋಡಿ. ಮೊದಲು ಸಿಗುವ ಇ-ಫೈಲಿಂಗ್ ಸಂಖ್ಯೆಯೇ ಬೇರೆ, ದಾಖಲಾದ ಪ್ರತಿ ಕೇಸಿಗೂ ಸಿಗುವ 16 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಸಿಎನ್‌ಆರ್ ಬೇರೆ. ನಮ್ಮ ರಾಜ್ಯದ ಸಿಎನ್‌ಆರ್ 'ಕೆಎ'ಯಿಂದ ಶುರುವಾಗುತ್ತದೆ.

ಸ್ಕ್ಯಾನರ್ ಇಲ್ಲದವರು ಕೋರ್ಟ್ ಆವರಣದ ಇ-ಸೇವಾ ಕೇಂದ್ರಕ್ಕೆ ಹೋಗಬಹುದು. ಮೂಲ ಪತ್ರಗಳನ್ನು ಮಾತ್ರ ಜೋಪಾನವಾಗಿಡಿ. ಕೋರ್ಟ್ ಕೇಳಿದ ದಿನ ಹಾಜರುಪಡಿಸಬೇಕಾಗುತ್ತದೆ.