ಬುಧವಾರದ ಎರಡು ಪಿರಿಯಡ್: ನಮ್ಮ ತಾಲೂಕು ಕಾಲೇಜಿನಲ್ಲಿ ಸಂಶೋಧನೆ ಶುರುವಾದ ಬಗೆ

ನಾನು ಕೆಮಿಸ್ಟ್ರಿ ಮೇಡಂ. ಗಡಿ ತಾಲೂಕಿನ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಕೆಲಸ. 2021ರಲ್ಲಿ ಹಿರಿತನದ ಮೇಲೆ ಪ್ರಭಾರ ಪ್ರಾಂಶುಪಾಲರ ಹೊಣೆ ನನ್ನ ಮೇಲೆ ಬಂತು. ಅದೇ ವರ್ಷ ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಯಾಯಿತು. ಪಠ್ಯ ಬದಲಾಯಿತು, ಪರೀಕ್ಷೆ ಬದಲಾಯಿತು. ದಾಖಲಾತಿಯಿಂದ ಅಂಕಪಟ್ಟಿವರೆಗೆ ಎಲ್ಲವೂ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಯಿತು. ಮೊದಲ ವರ್ಷ ನಾನು ಪ್ರಾಂಶುಪಾಲರ ಕೋಣೆಯಲ್ಲಿ ಕೂತು ಮಾಡಿದ್ದು ಬಹುಪಾಲು ಇದನ್ನೇ. ಲಾಗಿನ್, ಪಾಸ್‌ವರ್ಡ್, ಸರ್ವರ್, ಮತ್ತೆ ಲಾಗಿನ್.

ಆ ದಿನಗಳಲ್ಲೇ ಒಂದು ಸಂಗತಿ ನನ್ನನ್ನು ಕಾಡುತ್ತಿತ್ತು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕೊಡುವ ವರದಿಯಲ್ಲಿ ಸಂಶೋಧನೆಗೆ ಒಂದು ಇಡೀ ಮಾನದಂಡವೇ ಇದೆ. ಎಷ್ಟು ಲೇಖನ, ಎಷ್ಟು ಯೋಜನೆ, ಎಷ್ಟು ಅನುದಾನ ಎಂದು ತುಂಬಬೇಕು. ತುಂಬಲು ನಮ್ಮಲ್ಲಿ ಏನೂ ಇರಲಿಲ್ಲ. ನಮ್ಮ ಅಧ್ಯಾಪಕರು ಓದಿದವರೇ, ಪಿಎಚ್‌ಡಿ ಮಾಡಿದವರೂ ಇದ್ದರು. ಆದರೆ ಪದವಿ ಸಿಕ್ಕ ದಿನ ಮುಚ್ಚಿಟ್ಟ ಕಡತವನ್ನು ಮತ್ತೆ ತೆರೆದಿರಲಿಲ್ಲ. ಸ್ಟಾಫ್ ರೂಮಿನ ವಾಟ್ಸಾಪ್ ಗುಂಪಿಗೆ ಮಾತ್ರ ವಾರಕ್ಕೊಂದು ಜಾಹೀರಾತು ಬರುತ್ತಿತ್ತು: ಹಣ ಕಟ್ಟಿ, ಮೂರು ದಿನದಲ್ಲಿ ಲೇಖನ ಪ್ರಕಟ, ಜೊತೆಗೆ ಪ್ರಮಾಣಪತ್ರ. ಬಡ್ತಿ ಬಾಕಿ ಇದ್ದವರಿಗೆ ಅದು ದೊಡ್ಡ ಆಸೆ. ನಾನು ಒಂದು ಸಭೆ ಕರೆದು ಹೇಳಿದೆ. "ಹಣ ಕೊಟ್ಟು ಹಾಕಿಸಿದ ಲೇಖನವನ್ನು ನಮ್ಮ ವರದಿಗೆ ಸೇರಿಸುವುದಿಲ್ಲ. ಅಂಕ ಕಡಿಮೆ ಬಂದರೆ ನಾನು ಉತ್ತರ ಕೊಡ್ತೀನಿ." ಕೆಲವರಿಗೆ ಬೇಸರವಾಯಿತು. ಈಗಲೂ ಆ ಮಾತಿನಿಂದ ಹಿಂದೆ ಸರಿದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿತ ನಿಯತಕಾಲಿಕೆಗಳ ತನ್ನ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟ ಮೇಲಂತೂ ಯಾವ ನಿಯತಕಾಲಿಕೆ ಒಳ್ಳೆಯದು ಎಂದು ನೋಡುವ ಹೊಣೆ ಕಾಲೇಜುಗಳ ಮೇಲೇ ಬಿದ್ದಿದೆ.

ಬೇಡ ಎನ್ನುವುದು ಸುಲಭ. ಅದರ ಬದಲು ಏನು ಮಾಡುವುದು? ಆ ದಾರಿ ತೋರಿಸಿದ್ದು ಬಿ.ಎಸ್ಸಿ ಕೊನೆ ವರ್ಷದ ಒಬ್ಬ ಹುಡುಗಿ.

ನೀರಿನ ಪಾಠ ನಡೆಯುತ್ತಿತ್ತು. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಲ್ಲಿನ ಮೇಲಿನ ಕಂದು ಗೆರೆ, ಮೊಣಕಾಲು ಮಡಚಲಾಗದ ಅಜ್ಜ ಅಜ್ಜಿಯರು ಎಲ್ಲರಿಗೂ ಗೊತ್ತು. ಫ್ಲೋರೋಸಿಸ್ ಎಂಬ ಈ ರೋಗ ಹೊಸದೂ ಅಲ್ಲ. 1937ರಲ್ಲೇ ನೆಲ್ಲೂರು ಕಡೆಯಿಂದ ವರದಿಯಾಗಿತ್ತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಈಗ ಊರೂರಲ್ಲೂ ಶುದ್ಧ ಕುಡಿಯುವ ನೀರಿನ ಘಟಕ ಇದೆ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತಾರೆ, ತೊಂದರೆ ಕಡಿಮೆಯಾಗುತ್ತಿದೆ ಎಂದು ನಾನು ಪಾಠ ಮುಗಿಸಿದೆ.

ಅವಳು ಎದ್ದು ನಿಂತಳು. "ಮೇಡಂ, ಕುಡಿಯೋಕೆ ಮಾತ್ರ ಕ್ಯಾನ್ ನೀರು. ಅನ್ನ, ಸಾರು, ಮುದ್ದೆ ಎಲ್ಲಾ ಬೋರ್ ನೀರಲ್ಲೇ ಮಾಡೋದು. ಆ ಫ್ಲೋರೈಡ್ ಎಲ್ಲಿಗೆ ಹೋಗುತ್ತೆ? ಕುದಿಸಿದ್ರೆ ಹೋಗುತ್ತಾ?"

ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಅಷ್ಟು ನನಗೆ ಗೊತ್ತಿತ್ತು. ಆದರೆ ನಮ್ಮ ಊರಿನ ಒಂದು ಮನೆಯಲ್ಲಿ ದಿನಕ್ಕೆ ಊಟದ ಮೂಲಕ ಎಷ್ಟು ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ? ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಇಪ್ಪತ್ತು ವರ್ಷ ಇದೇ ನೀರು ಕುಡಿದ ಊರಿನಲ್ಲಿ ಪಾಠ ಮಾಡಿದ್ದೆ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಪ್ರಶ್ನೆ ಸಿಕ್ಕಿತು. ಮೊದಲು ಬೇಕಾಗಿದ್ದು ಹೊತ್ತು. ಹೊರಗಿನವರಿಗೆ ಇದು ಸಣ್ಣ ವಿಷಯ ಅನಿಸಬಹುದು. ಕಾಲೇಜು ನಡೆಸುವವರಿಗೆ ಗೊತ್ತು, ಟೈಮ್‌ಟೇಬಲ್‌ನಲ್ಲಿ ಒಂದು ಗಂಟೆ ಬಿಡಿಸುವುದು ಎಷ್ಟು ಕಷ್ಟ ಎಂದು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಪಾಠ ಅತಿಥಿ ಉಪನ್ಯಾಸಕರದ್ದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರ ದುಡಿಮೆಯಿಂದ. ಅವರಲ್ಲಿ ಒಬ್ಬರು ಬೆಳಗ್ಗೆ ನಮ್ಮಲ್ಲಿ ಪಾಠ ಮಾಡಿ ಸಂಜೆ ಟ್ಯೂಷನ್‌ಗೆ ಹೋಗುತ್ತಿದ್ದರು. ಅವರನ್ನು ಸಂಶೋಧನೆ ಮಾಡಿ ಎಂದು ಸುಮ್ನೆ ಹುರಿದುಂಬಿಸಿದರೆ ಅದು ನ್ಯಾಯವಲ್ಲ.

ಬುಧವಾರ ಮಧ್ಯಾಹ್ನದ ಎರಡು ಪಿರಿಯಡ್ ಖಾಲಿ ಇಟ್ಟೆ. ಆ ಪಾಠಗಳು ಬೇರೆ ದಿನ ಹಂಚಿ ಹೋದವು. ಎರಡು ತರಗತಿ ನಾನೇ ಹೆಚ್ಚಿಗೆ ತೆಗೆದುಕೊಂಡೆ. ಗುಣಮಟ್ಟ ಕೋಶದ ಅಂಕಿಅಂಶ ತುಂಬುವ ಕೆಲಸವನ್ನು ವಿಜ್ಞಾನದ ಮೇಷ್ಟ್ರುಗಳಿಂದ ಬಿಡಿಸಿ, ಒಬ್ಬ ಗುಮಾಸ್ತರ ಜೊತೆ ನಾನು ಕೂತು ಮಾಡಿದೆ. ಬುಧವಾರ ಮಧ್ಯಾಹ್ನ ಸಭೆ ಇಲ್ಲ, ಸುತ್ತೋಲೆ ಇಲ್ಲ. ಮೇಲಿನಿಂದ ತುರ್ತು ಮಾಹಿತಿ ಕೇಳಿದರೂ ಸಂಜೆವರೆಗೆ ಕಾಯಲಿ ಎಂದುಕೊಂಡೆ. ಕಾಯ್ದರು. ಯಾವ ಅನಾಹುತವೂ ಆಗಲಿಲ್ಲ.

2023ರ ಶುರುವಿನಲ್ಲಿ ಕೆಲಸ ಆರಂಭವಾಯಿತು. ಹನ್ನೊಂದು ಮಕ್ಕಳು, ಆ ಅತಿಥಿ ಉಪನ್ಯಾಸಕರು, ನಾನು. ಹೊಸ ಯಂತ್ರ ಕೊಳ್ಳಲಿಲ್ಲ. ಪ್ರಯೋಗಾಲಯದಲ್ಲಿ ದ್ರಾವಣದ ಬಣ್ಣ ಅಳೆಯುವ ಹಳೆಯ ಕಲರಿಮೀಟರ್ ಇತ್ತು. ಸ್ಪಾಡ್ನ್ಸ್ ಎಂಬ ವಿಧಾನಕ್ಕೆ ಅದು ಸಾಕು. ಜಿರ್ಕೋನಿಯಂ ಸೇರಿಸಿದ ಕೆಂಪು ಬಣ್ಣದ ದ್ರಾವಣವನ್ನು ನೀರಿಗೆ ಹಾಕುತ್ತೇವೆ. ಫ್ಲೋರೈಡ್ ಇದ್ದಷ್ಟೂ ಬಣ್ಣ ತಿಳಿಯಾಗುತ್ತದೆ. ಎಷ್ಟು ತಿಳಿಯಾಯಿತು ಎಂದು 570 ನ್ಯಾನೋಮೀಟರ್ ಹತ್ತಿರದ ಬೆಳಕಿನಲ್ಲಿ ಅಳೆಯುವುದು. ಮಕ್ಕಳಿಗೆ ಇದು ತುಂಬಾ ಹಿಡಿಸಿತು. ಕಣ್ಣಿಗೇ ಕಾಣುತ್ತದಲ್ವಾ.

ಮನೆಮನೆ ಮಾಹಿತಿಗೆ ಕೋಬೋ ಟೂಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಬಳಸಿದೆವು. ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಬಹುದು. ನೆಟ್‌ವರ್ಕ್ ಇಲ್ಲದ ಊರಲ್ಲೂ ತುಂಬಬಹುದು, ಸಿಗ್ನಲ್ ಬಂದಾಗ ತಾನೇ ಹೋಗುತ್ತದೆ. ಜಿಪಿಎಸ್‌ನಿಂದ ಬೋರ್‌ವೆಲ್ ಇರುವ ಜಾಗವೂ ದಾಖಲಾಗುತ್ತದೆ. 2021ರಲ್ಲಿ ಸರ್ಕಾರ ಕೊಟ್ಟಿದ್ದ ಟ್ಯಾಬ್ ಕೊನೆ ವರ್ಷದ ಮಕ್ಕಳ ಬಳಿ ಇತ್ತು. ನಕ್ಷೆ ಬಿಡಿಸಲು ಕ್ಯೂಜಿಐಎಸ್, ಅದೂ ಉಚಿತ. ಭೂಗೋಳದ ಮೇಷ್ಟ್ರು ಒಂದು ಬುಧವಾರ ಬಂದು ಕಲಿಸಿದರು, ಮುಂದಿನ ಬುಧವಾರದಿಂದ ತಾವೇ ತಂಡ ಸೇರಿದರು.

ಪ್ರಶ್ನಾವಳಿ ಮೂರು ಸಲ ಬದಲಾಯಿತು. ಮೊದಲು ಬರೆದದ್ದು ಪುಸ್ತಕದ ಭಾಷೆಯಲ್ಲಿತ್ತು: ಅಡುಗೆಗೆ ಬಳಸುವ ನೀರಿನ ಪ್ರಮಾಣ ಎಷ್ಟು? ಯಾರು ಲೀಟರಿನಲ್ಲಿ ಅಳೆದು ಅಡುಗೆ ಮಾಡುತ್ತಾರೆ? ಆ ಹುಡುಗಿಯೇ ಒಂದು ಅಳತೆ ಚೊಂಬು ಕೊಂಡೊಯ್ದಳು. ಮನೆಯವರು ತಮ್ಮ ಚೊಂಬಿನಲ್ಲಿ ಎಷ್ಟು ಹಾಕುತ್ತಾರೋ ಅದನ್ನು ಅಲ್ಲೇ ಅಳೆದು ಬರೆದಳು. ಇನ್ನೊಂದು ಮಾತು ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಒಬ್ಬ ಅಜ್ಜಿ ಕೇಳಿದರು, "ಅನ್ನ ಬಸಿಯೋರ ಮನೇದು ಬೇರೆ, ಕುಕ್ಕರ್ ಇಡೋರ ಮನೇದು ಬೇರೆ ಅಲ್ವೇನಮ್ಮಾ?" ಹೌದು. ಗಂಜಿ ಬಸಿದರೆ ಒಂದಷ್ಟು ಫ್ಲೋರೈಡ್ ಗಂಜಿಯ ಜೊತೆ ಹೋಗುತ್ತದೆ. ಕುಕ್ಕರಿನಲ್ಲಿ ಅಷ್ಟೂ ಅನ್ನದಲ್ಲೇ. ಅಂದೇ ಆ ಪ್ರಶ್ನೆ ಸೇರಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಮಕ್ಕಳು ತೆಲುಗಿನಲ್ಲಿ ಕೇಳಿ ಕನ್ನಡದಲ್ಲಿ ತುಂಬಿದರು. ಆ ಸಲೀಸು ಹೊರಗಿನ ತಜ್ಞರಿಗೆ ಬರುವುದಿಲ್ಲ.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಮೊದಲ ಸುತ್ತಿನ ಮಾದರಿಗಳು ಬಂದ ಕೂಡಲೇ ನಾನು ಗ್ರಾಮ ಪಂಚಾಯಿತಿಗೆ ಹೋಗಿ, ಗ್ರಾಮಸಭೆಯಲ್ಲಿ ಫಲಿತಾಂಶ ಹೇಳುತ್ತೇವೆ ಎಂದು ದಿನಾಂಕ ಕೊಟ್ಟುಬಿಟ್ಟೆ. ಮಕ್ಕಳು ಆ ದಿನಕ್ಕೆ ಮುಗಿಸಬೇಕೆಂದು ಓಡಿದರು. ನೋಡಿದರೆ ಜಾಸ್ತಿ ಫ್ಲೋರೈಡ್ ಇದ್ದ ಬೋರ್‌ಗಳದ್ದೆಲ್ಲ ಹೆಚ್ಚುಕಡಿಮೆ ಒಂದೇ ಸಂಖ್ಯೆ. ಅತಿಥಿ ಉಪನ್ಯಾಸಕರಿಗೆ ಅನುಮಾನ ಬಂತು. ಸ್ಪಾಡ್ನ್ಸ್ ವಿಧಾನ ಸರಿಯಾಗಿ ಅಳೆಯುವುದು ಲೀಟರಿಗೆ 1.4 ಮಿಲಿಗ್ರಾಂವರೆಗೆ ಮಾತ್ರ. ಅದಕ್ಕಿಂತ ಹೆಚ್ಚಿದ್ದರೆ ಶುದ್ಧ ನೀರು ಬೆರೆಸಿ ತೆಳು ಮಾಡಿ ಅಳೆದು, ಆಮೇಲೆ ಗುಣಿಸಬೇಕು. ಅವಸರದಲ್ಲಿ ಅದು ತಪ್ಪಿಹೋಗಿತ್ತು. ಅವರು ನನ್ನ ಕೋಣೆಗೆ ಬಂದು, "ಮೇಡಂ, ಮತ್ತೆ ಮಾಡಬೇಕು, ದಿನಾಂಕ ಮುಂದೆ ಹಾಕ್ತೀರಾ?" ಎಂದು ಹಿಂಜರಿಯುತ್ತಾ ಕೇಳಿದರು. ಆ ಹಿಂಜರಿಕೆ ನನಗೆ ನೋವು ತಂದಿತು. ವರ್ಷ ವರ್ಷ ನೇಮಕ ನವೀಕರಣವಾಗುವ ಒಬ್ಬರು ಪ್ರಾಂಶುಪಾಲರ ಮುಂದೆ ಬಂದು ತಪ್ಪಾಗಿದೆ ಎಂದು ಹೇಳಲು ಎಷ್ಟು ಧೈರ್ಯ ಬೇಕು. ಪಂಚಾಯಿತಿಗೆ ನಾನೇ ಹೋಗಿ ದಿನ ಬದಲಿಸಿದೆ. ಎಲ್ಲ ಮಾದರಿಗಳನ್ನೂ ಹೊಸದಾಗಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದು ಮತ್ತೆ ಅಳೆದರು.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡೆವು. ಒಂದೇ ನೀರನ್ನು ಎರಡು ಬಾಟಲಿಗೆ ತುಂಬಿ ಬೇರೆ ಬೇರೆ ನಂಬರ್ ಹಾಕಿ ನಾನು ಕೊಡುತ್ತೇನೆ. ಎರಡೂ ಒಂದೇ ಉತ್ತರ ಬರದಿದ್ದರೆ ಆ ದಿನದ ಲೆಕ್ಕ ರದ್ದು. ತಪ್ಪು ಕಂಡವರು ನೇರವಾಗಿ ಹೇಳಬಹುದು, ಫಲಿತಾಂಶಕ್ಕೆ ಮೊದಲೇ ದಿನಾಂಕ ಕೊಡುವುದಿಲ್ಲ. ಕೊನೆಯ ಮಾತು ಮುಖ್ಯವಾಗಿ ನನಗೆ.

ಆಹಾರದಲ್ಲಿರುವ ಫ್ಲೋರೈಡನ್ನು ನೇರವಾಗಿ ಅಳೆಯುವ ಸೌಕರ್ಯ ನಮ್ಮಲ್ಲಿಲ್ಲ. ಹಾಗಾಗಿ ಲೆಕ್ಕ ಸರಳವಾಗಿತ್ತು. ಬೋರ್ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಇದೆ ಎಂದುಕೊಳ್ಳಿ. ಒಬ್ಬರ ದಿನದ ಊಟದಲ್ಲಿ ಒಂದು ಲೀಟರ್ ನೀರು ಸೇರಿದರೆ 3 ಮಿಲಿಗ್ರಾಂ ಹೊಟ್ಟೆಗೆ ಹೋಯಿತು. 1 ಮಿಲಿಗ್ರಾಂ ಇರುವ ನೀರನ್ನು ಎರಡು ಲೀಟರ್ ಕುಡಿದರೂ ಹೋಗುವುದು 2. ಅಂದರೆ ಕ್ಯಾನ್ ನೀರು ಕುಡಿದು ನಿಶ್ಚಿಂತೆಯಿಂದ ಇದ್ದ ಮನೆಗೆ ಊಟದಿಂದಲೇ ಜಾಸ್ತಿ ಬರಬಹುದು. ಪ್ರಯೋಗಾಲಯದಲ್ಲಿ ನೀರು ಕುದಿಸಿ ಇಳಿಸಿ ತೋರಿಸಿದಾಗ ಉಳಿದ ನೀರಿನಲ್ಲಿ ಲೀಟರ್ ಲೆಕ್ಕದ ಫ್ಲೋರೈಡ್ ಏರಿತ್ತು. ಕುದಿಸಿದರೆ ಸರಿಹೋಗುತ್ತದೆ ಎಂಬ ಮಾತು ಮಕ್ಕಳ ಮನಸ್ಸಿನಿಂದ ಹೋಗಿದ್ದು ಅವತ್ತು.

ಈ ಕೆಲಸದ ನಡುವೆಯೇ ಚಾಟ್‌ಜಿಪಿಟಿ ಬಂತು. 2022ರ ಕೊನೆಗೆ ಅದು ಹೊರಬಂದಿದ್ದರೂ ನಮ್ಮ ಕಾಲೇಜಿಗೆ ಮುಟ್ಟಿದ್ದು ಮರುವರ್ಷದ ವರದಿಗಳ ಹೊತ್ತಿಗೆ. ಒಂದು ತಂಡ ತಂದ ವರದಿಯ ಇಂಗ್ಲಿಷ್ ನನ್ನ ಇಂಗ್ಲಿಷಿಗಿಂತ ಚೆನ್ನಾಗಿತ್ತು. ಬೇರೆಯವರ ಬರಹದ ಜೊತೆ ಹೋಲಿಕೆ ಪತ್ತೆ ಮಾಡುವ ತಂತ್ರಾಂಶದಲ್ಲಿ ಯುಜಿಸಿ ಹೇಳುವ 10% ಒಳಗೇ ಇತ್ತು. ಆದರೆ ಉಲ್ಲೇಖಗಳ ಪಟ್ಟಿಯಲ್ಲಿ ನಮ್ಮ ತಾಲೂಕಿನ ನೀರಿನ ಮೇಲೆ ಯಾರೋ ಬರೆದ ಲೇಖನವೊಂದಿತ್ತು. ಹುಡುಕಿದೆವು. ಅಂಥ ಲೇಖನವೇ ಇರಲಿಲ್ಲ.

ಮಕ್ಕಳನ್ನು ಬೈಯಬೇಕು ಅನಿಸಲಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ವರದಿ ಮಾತ್ರ ಇಂಗ್ಲಿಷಿನಲ್ಲಿ ಬರಿ ಎಂದರೆ ಅವರು ಇನ್ನೇನು ಮಾಡಬೇಕು? ನಿಷೇಧವನ್ನೂ ಹಾಕಲಿಲ್ಲ. ಕ್ರಮ ಬದಲಿಸಿದೆವು. ಮೊದಲು ಕ್ಷೇತ್ರದ ನೋಟ್‌ಬುಕ್, ಕೈಬರಹದಲ್ಲಿ, ಅಲ್ಲೇ ಕೂತು. ಆಮೇಲೆ ತಂಡದ ಮುಂದೆ ಕನ್ನಡದಲ್ಲಿ ಬಾಯಿಮಾತಿನ ವರದಿ. ಅದು ಮುಗಿದ ಮೇಲೆ ಇಂಗ್ಲಿಷ್ ತಿದ್ದಲು, ಕಷ್ಟದ ಲೇಖನ ಕನ್ನಡದಲ್ಲಿ ತಿಳಿದುಕೊಳ್ಳಲು ಎಐ ಬಳಸಬಹುದು, ಎಲ್ಲಿ ಬಳಸಿದೆವೆಂದು ಕೊನೆಗೆ ಬರೆಯಬೇಕು. ಪ್ರತಿ ಉಲ್ಲೇಖವನ್ನೂ ಎಲ್ಲರ ಮುಂದೆ ತೆರೆದು ತೋರಿಸಬೇಕು. ಕ್ಷೇತ್ರಕ್ಕೆ ಹೋಗಿ ಬಂದ ಮಗುವಿಗೆ ಬಾಯಿಮಾತಿನ ವರದಿ ಕಷ್ಟವೇ ಅಲ್ಲ. ಹೋಗದವರು ಎರಡನೇ ಪ್ರಶ್ನೆಗೇ ನಿಂತುಬಿಡುತ್ತಾರೆ.

ಮೊದಲು ನಮಗೆ ತೆರೆಯುವ ಲೇಖನಗಳೇ ಕಡಿಮೆ. ಸಾರಾಂಶ ಓದಿ ಬಿಡಬೇಕಿತ್ತು. ಕೇಂದ್ರ ಸರ್ಕಾರದ ಒಂದು ದೇಶ ಒಂದು ಚಂದಾ ಯೋಜನೆ 2025ರ ಜನವರಿಯಿಂದ ಶುರುವಾಗಿದೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸಿಗುತ್ತವೆ. ಆದರೆ ನೋಂದಣಿ ಮಾಡಿಸಿ, ಪ್ರತಿಯೊಬ್ಬರಿಗೂ ಲಾಗಿನ್ ಕೊಡಿಸಿ, ಪಕ್ಕದಲ್ಲಿ ಕೂತು ಹುಡುಕುವುದನ್ನು ಕಲಿಸದಿದ್ದರೆ ಅದು ಆದೇಶದ ಹಾಳೆಯಲ್ಲೇ ಉಳಿಯುತ್ತದೆ. ನಮ್ಮ ಗ್ರಂಥಪಾಲಕರು ಆ ಕೆಲಸವನ್ನು ಎಷ್ಟು ತಾಳ್ಮೆಯಿಂದ ಮಾಡುತ್ತಿದ್ದಾರೆ ಎಂದರೆ, ಬೇರೆ ಕಾಲೇಜಿನವರೂ ಅವರಿಗೆ ಫೋನ್ ಮಾಡಿ ಕೇಳುತ್ತಾರೆ. 2024ರಲ್ಲಿ ರಾಜ್ಯ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಟೈಮ್‌ಟೇಬಲ್ ಮತ್ತೆ ಅಡಿಮೇಲಾಯಿತು. ಬುಧವಾರದ ಎರಡು ಪಿರಿಯಡ್‌ಗಳನ್ನು ಮಾತ್ರ ಮೊದಲೇ ಬರೆದಿಟ್ಟು ಉಳಿದದ್ದನ್ನು ಆಮೇಲೆ ತುಂಬಿದೆವು.

ಗ್ರಾಮಸಭೆ ನಡೆದದ್ದು ಶಾಲೆಯ ಅಂಗಳದಲ್ಲಿ. ನಾನು ಮಾತಾಡಲಿಲ್ಲ. ಆ ಹುಡುಗಿ ನಕ್ಷೆ ಹಿಡಿದು ನಿಂತಳು. ಕೆಂಪು ಚುಕ್ಕೆ ಯಾವ ಬೋರ್, ಹಸಿರು ಯಾವುದು ಎಂದು ಒಂದೊಂದಾಗಿ ತೋರಿಸಿದಳು. ಶಾಲೆಯ ಬೋರ್ ಮೇಲೆ ಕೆಂಪು ಚುಕ್ಕೆ ಇತ್ತು. ಬಿಸಿಯೂಟ ಆ ನೀರಿನಲ್ಲೇ ಆಗುತ್ತಿತ್ತು. ಅಡುಗೆಯ ಅಕ್ಕ ಎದ್ದು, "ನಾಳೆಯಿಂದ ಕ್ಯಾನ್ ನೀರು ಕೊಡಿಸಿದ್ರೆ ನಾನು ಅದ್ರಲ್ಲೇ ಮಾಡ್ತೀನಿ" ಅಂದರು. ಅಧ್ಯಕ್ಷರು ಒಪ್ಪಿದರು. ಕೆಲವು ತಿಂಗಳ ಮೇಲೆ ಹೋಗಿ ನೋಡಿದಾಗಲೂ ಅಡುಗೆಮನೆಯಲ್ಲಿ ಕ್ಯಾನ್‌ಗಳು ಸಾಲಾಗಿ ಇದ್ದವು. ಆ ಕೆಲಸದ ಲೇಖನ ಇನ್ನೂ ಪ್ರಕಟವಾಗಿಲ್ಲ. ಒಂದು ಕಡೆ ತಿರಸ್ಕಾರವಾಗಿದೆ, ವಿಮರ್ಶಕರು ಕೇಳಿದ ಎರಡು ಪ್ರಶ್ನೆ ನ್ಯಾಯವಾಗಿವೆ, ತಿದ್ದುತ್ತಿದ್ದೇವೆ. ಮೊದಲ ಹೆಸರು ಅತಿಥಿ ಉಪನ್ಯಾಸಕರದ್ದು, ಎರಡನೆಯದು ಆ ಹುಡುಗಿಯದು. ಅವಳು ಈಗ ಎಂ.ಎಸ್ಸಿ ಓದುತ್ತಿದ್ದಾಳೆ.

ಈ ವರ್ಷದ ತಂಡದ ಪ್ರಶ್ನೆ ಬೇರೆ. ಶುದ್ಧ ನೀರಿನ ಘಟಕದಲ್ಲಿ ಒಂದು ಕ್ಯಾನ್ ತುಂಬುವಾಗ ಪಕ್ಕದ ಪೈಪಿನಿಂದ ಹೊರಗೆ ಹೋಗುವ ನೀರು ಇದೆಯಲ್ಲ, ಫ್ಲೋರೈಡ್ ಒಟ್ಟಾಗಿರುವ ನೀರು, ಅದು ಎಲ್ಲಿಗೆ ಸೇರುತ್ತದೆ? ನಮ್ಮ ಒಂದು ಊರಿನಲ್ಲಿ ಅದು ಚರಂಡಿ ದಾಟಿ ಹಳೆಯ ತೆರೆದ ಬಾವಿಯ ಹತ್ತಿರ ಇಂಗುತ್ತಿದೆ ಎಂದು ಇಬ್ಬರು ಹುಡುಗರು ಫೋಟೋ ತೆಗೆದು ತಂದಿದ್ದಾರೆ. ಬಾಟಲಿಗಳಿಗೆ ನಂಬರ್ ಹಚ್ಚಿ ಇಟ್ಟಿದ್ದೇವೆ, ಬರುವ ಬುಧವಾರ ಅಲ್ಲಿಗೆ ಹೋಗುತ್ತೇವೆ.