ಎಲ್ಲೂ ಲಿಂಕ್ ಕೊಡದ ಡ್ರಾಫ್ಟ್ ಪುಟ ಗೂಗಲ್‌ನಲ್ಲಿ ಬರದಂತೆ ನೋಡಿಕೊಳ್ಳುವುದು ಹೇಗೆ?

ಲೇಖನ ಇನ್ನೂ ಪೂರ್ತಿ ಆಗಿಲ್ಲ, ನಾಲ್ಕು ಜನಕ್ಕೆ ತೋರಿಸಬೇಕು. ಅದಕ್ಕೆ ಸೈಟಿಗೆ ಹಾಕಿ, ಮೆನುವಿನಲ್ಲಾಗಲಿ ಮುಖಪುಟದಲ್ಲಾಗಲಿ ಲಿಂಕ್ ಕೊಡದೆ ಸುಮ್ನೆ ಬಿಟ್ಟುಬಿಡುತ್ತೇವೆ. ವಿಳಾಸ ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ ಅನ್ನುವ ನಂಬಿಕೆ. ಈ ನಂಬಿಕೆ ತಪ್ಪು. ಲಿಂಕ್ ಇಲ್ಲ ಅಂದ ಮಾತ್ರಕ್ಕೆ ಪುಟ ಅಡಗಿದೆ ಅಂತಲ್ಲ.

ಕನ್ನಡದಲ್ಲಿ ಬರೆಯುವವರು ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು. ಯಾವುದೋ ಊರಿನ ಶಾಸನದ ಬಗ್ಗೆಯೋ, ಹಳೆಯ ಭತ್ತದ ತಳಿಯ ಬಗ್ಗೆಯೋ ಕನ್ನಡದಲ್ಲಿ ಹುಡುಕಿ ನೋಡಿ, ಸಿಗುವ ಪುಟಗಳೇ ಕಡಿಮೆ. ಹಾಗಾಗಿ ಇಸವಿ ಸರಿನೋಡದೆ ಬಿಟ್ಟ ನಿಮ್ಮ ಕರಡು ನೇರ ಮೇಲೆ ಬಂದು ಕೂರಬಹುದು. ಯಾರೋ ಅದನ್ನೇ ಕಾಪಿ ಮಾಡಿ ವಾಟ್ಸಾಪ್ ಗುಂಪುಗಳಿಗೆ ಹಾಕುತ್ತಾರೆ. ಆಮೇಲೆ ನೀವು ತಿದ್ದಿದರೂ ಆ ತಪ್ಪು ಇಸವಿ ಊರೆಲ್ಲ ಸುತ್ತುತ್ತಲೇ ಇರುತ್ತದೆ.

ಲಿಂಕೇ ಇಲ್ಲದ ಪುಟ ಗೂಗಲ್‌ಗೆ ಹೇಗೆ ಸಿಗುತ್ತದೆ? ಹೆಚ್ಚಿನ ಸಲ ನಿಮ್ಮ ಸೈಟೇ ಹೇಳಿಕೊಟ್ಟಿರುತ್ತದೆ. ವರ್ಡ್‌ಪ್ರೆಸ್ 2020ರಲ್ಲಿ ಬಂದ 5.5ನೇ ಆವೃತ್ತಿಯಿಂದ ತಾನೇ ಸೈಟ್‌ಮ್ಯಾಪ್, ಅಂದರೆ ಸರ್ಚ್ ಎಂಜಿನ್‌ಗಳಿಗಾಗಿ ಸೈಟಿನ ಪುಟಗಳ ಪಟ್ಟಿ, ತಯಾರಿಸುತ್ತದೆ. ನಿಮ್ಮ ಸೈಟಿನ ವಿಳಾಸದ ಕೊನೆಗೆ ಸ್ಲ್ಯಾಶ್ ಹಾಕಿ ಡಬ್ಲ್ಯುಪಿ-ಸೈಟ್‌ಮ್ಯಾಪ್ ಡಾಟ್ ಎಕ್ಸ್‌ಎಂಎಲ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ನೋಡಿ. ಪಟ್ಟಿಯೊಳಗೆ ಹೋದರೆ ನೀವು ಮೆನುವಿನಿಂದ ಬಿಟ್ಟ ಪುಟವೂ ಉಳಿದವುಗಳ ಜೊತೆಯಲ್ಲೇ ಕಾಣುತ್ತದೆ. ಪಬ್ಲಿಶ್ ಒತ್ತಿದ್ದೀರಿ, ವರ್ಡ್‌ಪ್ರೆಸ್‌ಗೆ ಅಷ್ಟು ಸಾಕು. ಪುಟದ ಬದಲು ಪೋಸ್ಟ್ ಆಗಿದ್ದರೆ ಆರ್‌ಎಸ್‌ಎಸ್ ಫೀಡ್, ವಿಭಾಗದ ಪಟ್ಟಿ, ತಿಂಗಳ ಪಟ್ಟಿ ಎಲ್ಲ ಕಡೆ ಬಂದಿರುತ್ತದೆ. ಕೆಲವು ಪ್ಲಗಿನ್‌ಗಳು, ಹೊಸ ಪುಟ ಬಂದಿದೆ ಎಂದು ಸರ್ಚ್ ಎಂಜಿನ್‌ಗಳಿಗೆ ತಿಳಿಸುವ ಇಂಡೆಕ್ಸ್‌ನೌ ಮೂಲಕ ಬಿಂಗ್‌ಗೆ ಆಗಲೇ ಸುದ್ದಿ ಮುಟ್ಟಿಸಿರುತ್ತವೆ. ಡ್ರಾಫ್ಟ್‌ಗೆಂದೇ ಬೇರೆ ಸಬ್‌ಡೊಮೇನ್ (ಸೈಟಿನ ಹೆಸರಿನ ಮುಂದೆ ಇನ್ನೊಂದು ಹೆಸರು ಸೇರಿಸಿದ ವಿಳಾಸ) ಮಾಡಿದ್ದೀರಾ? ಅದಕ್ಕೆ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಪಡೆದಾಗ ಆ ಹೆಸರು ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಎಂಬ ಸಾರ್ವಜನಿಕ ದಾಖಲೆಗೆ ಸೇರುತ್ತದೆ, ಯಾರು ಬೇಕಾದರೂ ಹುಡುಕಬಹುದು.

ಇನ್ನು ಗೆಳೆಯರ ಕಥೆ. ಒಬ್ಬರು ಪ್ರೀತಿಯಿಂದಲೇ ಲಿಂಕನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಂಚಿದರೆ ಮುಗಿಯಿತು. 2020ರ ಫೆಬ್ರವರಿಯಲ್ಲಿ ವಾಟ್ಸಾಪ್ ಗುಂಪುಗಳ ಆಹ್ವಾನದ ಲಿಂಕ್‌ಗಳು ಗೂಗಲ್‌ನಲ್ಲಿ ಸಿಗುತ್ತಿವೆ ಎಂದು ದೊಡ್ಡ ಸುದ್ದಿಯಾಯಿತು. ಅಲ್ಲೂ ಆದದ್ದು ಇದೇ. ಲಿಂಕ್ ಗೊತ್ತಿದ್ದವರು ಮಾತ್ರ ಸೇರಲಿ ಎಂದು ಮಾಡಿದ್ದ ಲಿಂಕ್‌ಗಳನ್ನು ಜನ ತೆರೆದ ಪುಟಗಳಲ್ಲಿ ಹಾಕಿದ್ದರು.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ಪಬ್ಲಿಶ್ ಮಾಡಲೇಬೇಡಿ. ವರ್ಡ್‌ಪ್ರೆಸ್ ಆಗಲಿ ಬ್ಲಾಗರ್ ಆಗಲಿ, ಡ್ರಾಫ್ಟ್ ಸ್ಥಿತಿಯಲ್ಲಿರುವ ಬರಹ ಹೊರಗಿನವರಿಗೆ ತೆರೆಯುವುದಿಲ್ಲ. ಬೇರೆಯವರು ಓದಿ ಹೇಳಬೇಕು ಅಂದರೆ ಗೂಗಲ್ ಡಾಕ್ಸ್‌ಗೆ ಹಾಕಿ. ಆದರೆ 'ಲಿಂಕ್ ಇರುವ ಯಾರಾದರೂ' ಎಂಬ ಆಯ್ಕೆ ಬೇಡ, ಒಬ್ಬೊಬ್ಬರ ಇಮೇಲ್ ಹಾಕಿಯೇ ಹಂಚಿಕೊಳ್ಳಿ. 2018ರ ಜುಲೈನಲ್ಲಿ ಲಿಂಕ್ ಇದ್ದವರಿಗೆಲ್ಲ ತೆರೆದಿಟ್ಟಿದ್ದ ಗೂಗಲ್ ಡಾಕ್ಸ್ ಕಡತಗಳು ರಷ್ಯಾದ ಯಾಂಡೆಕ್ಸ್ ಹುಡುಕಾಟದಲ್ಲಿ ಕಾಣಿಸಿಕೊಂಡಿದ್ದವು.

ಪುಟದ ವಿನ್ಯಾಸವನ್ನೂ ಸೈಟಿನಲ್ಲೇ ನೋಡಬೇಕು ಅಂದರೆ ಪಾಸ್‌ವರ್ಡ್ ಹಾಕಿ. ನನ್ನ ಪ್ರಕಾರ ಉಳಿದ ಎಲ್ಲ ಉಪಾಯಗಳಿಗಿಂತ ಇದೇ ಗಟ್ಟಿ. ಉಳಿದವೆಲ್ಲ ಸರ್ಚ್ ಎಂಜಿನ್‌ಗೆ ನಾವು ಮಾಡುವ ವಿನಂತಿ, ಇದು ಮಾತ್ರ ಬೀಗ. ವರ್ಡ್‌ಪ್ರೆಸ್‌ನಲ್ಲಿ ಪ್ರತಿ ಪುಟಕ್ಕೂ ಪಾಸ್‌ವರ್ಡ್ ಕೊಡಬಹುದು. ಆದರೆ ಶೀರ್ಷಿಕೆ ಆಗಲೂ ಕಾಣುತ್ತದೆ, ಅದಕ್ಕೆ ಗುಟ್ಟು ಹೇಳುವ ಶೀರ್ಷಿಕೆ ಇಡಬೇಡಿ. ಡ್ರಾಫ್ಟ್‌ಗಳಿಗೆ ಬೇರೆ ಫೋಲ್ಡರ್ ಇದ್ದು ನಿಮ್ಮ ಹೋಸ್ಟಿಂಗ್‌ನಲ್ಲಿ ಸಿಪ್ಯಾನೆಲ್ ಎಂಬ ನಿಯಂತ್ರಣ ಫಲಕ ಇದ್ದರೆ 'ಡೈರೆಕ್ಟರಿ ಪ್ರೈವೆಸಿ' ಎಂಬಲ್ಲಿ ಇಡೀ ಫೋಲ್ಡರಿಗೇ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಬಹುದು. ಒಳಗಿರುವ ಪಿಡಿಎಫ್, ಚಿತ್ರ ಎಲ್ಲವೂ ಅದರ ಹಿಂದೆ ಹೋಗುತ್ತವೆ.

ಪಾಸ್‌ವರ್ಡ್ ಬೇಡ, ಲಿಂಕ್ ಒತ್ತಿದ ಕೂಡಲೇ ತೆರೆಯಬೇಕು, ಆದರೆ ಹುಡುಕಾಟದಲ್ಲಿ ಬರಬಾರದು ಅಂದರೆ 'ಪಟ್ಟಿಗೆ ಸೇರಿಸಬೇಡ' ಎಂದು ಸರ್ಚ್ ಎಂಜಿನ್‌ಗೆ ಹೇಳುವ ನೋಇಂಡೆಕ್ಸ್ ಬಳಸಿ. ಪುಟದ ಎಚ್‌ಟಿಎಂಎಲ್ ಮೂಲದ ಹೆಡ್ ಭಾಗದಲ್ಲಿ ಒಂದು ಮೆಟಾ ಟ್ಯಾಗ್ ಹಾಕಬೇಕು. ಅದರ ನೇಮ್ ರೋಬೋಟ್ಸ್, ಕಂಟೆಂಟ್ ನೋಇಂಡೆಕ್ಸ್. ಅಷ್ಟೇ. ವರ್ಡ್‌ಪ್ರೆಸ್‌ನಲ್ಲಿ ಯೋಸ್ಟ್ ಪ್ಲಗಿನ್ ಇದ್ದರೆ ಪುಟದ ಕೆಳಗಿನ ಅಡ್ವಾನ್ಸ್ಡ್ ಭಾಗದಲ್ಲಿ, ಸರ್ಚ್ ಫಲಿತಾಂಶದಲ್ಲಿ ತೋರಿಸಬೇಕೇ ಎಂಬ ಪ್ರಶ್ನೆಗೆ 'ನೋ' ಆರಿಸಿ, ಪುಟ ಸೈಟ್‌ಮ್ಯಾಪ್‌ನಿಂದಲೂ ಹೋಗುತ್ತದೆ. ಬ್ಲಾಗರ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಕಸ್ಟಮ್ ರೋಬೋಟ್ಸ್ ಹೆಡರ್ ಟ್ಯಾಗ್ಸ್ ಆನ್ ಮಾಡಿದರೆ ಪ್ರತಿ ಪೋಸ್ಟಿಗೂ ಈ ಆಯ್ಕೆ ಸಿಗುತ್ತದೆ. ಪಿಡಿಎಫ್‌ಗೆ ಮೆಟಾ ಟ್ಯಾಗ್ ಹಾಕಲು ಆಗುವುದಿಲ್ಲ ಅಲ್ವಾ, ಅದಕ್ಕೆ ಸರ್ವರ್ ಕಡೆಯಿಂದ ಎಕ್ಸ್-ರೋಬೋಟ್ಸ್-ಟ್ಯಾಗ್ ಎಂಬ ಹೆಡರ್‌ನಲ್ಲಿ (ಕಡತದ ಜೊತೆ ಹೋಗುವ ಸೂಚನೆ) ನೋಇಂಡೆಕ್ಸ್ ಎಂದು ಕಳಿಸಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು, ದಯವಿಟ್ಟು ನಿಧಾನವಾಗಿ ಓದಿ. ನೋಇಂಡೆಕ್ಸ್ ಹಾಕಿದ ಪುಟವನ್ನು ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ (ಸರ್ಚ್ ಎಂಜಿನ್‌ಗಳು ಯಾವುದನ್ನು ಓದಬಾರದು ಎಂದು ಸೈಟ್ ಹೇಳುವ ಕಡತ) ಕಡತದಲ್ಲಿ ತಡೆಯಬೇಡಿ. ಎರಡೂ ಹಾಕಿದರೆ ಇನ್ನೂ ಭದ್ರ ಅನ್ನಿಸುತ್ತದೆ, ಆದರೆ ಆಗುವುದು ಉಲ್ಟಾ. ರೋಬೋಟ್ಸ್ ಕಡತ ಹೇಳುವುದು 'ಈ ಪುಟ ಓದಬೇಡ' ಎಂದು, 'ಪಟ್ಟಿಗೆ ಸೇರಿಸಬೇಡ' ಎಂದಲ್ಲ. ಗೂಗಲ್ ಆ ಮಾತು ಕೇಳಿ ಪುಟವನ್ನು ಓದುವುದೇ ಇಲ್ಲ. ಓದದಿದ್ದರೆ ಒಳಗಿರುವ ನೋಇಂಡೆಕ್ಸ್ ಅದಕ್ಕೆ ಕಾಣುವುದೂ ಇಲ್ಲ. ಆಮೇಲೆ ಬೇರೆ ಎಲ್ಲೋ ಒಂದು ಕಡೆ ಆ ಪುಟದ ಲಿಂಕ್ ಕಂಡರೆ ವಿವರಣೆ ಇಲ್ಲದ ಬರೀ ವಿಳಾಸವನ್ನೇ ಫಲಿತಾಂಶದಲ್ಲಿ ತೋರಿಸಬಹುದು. ಜೊತೆಗೆ ರೋಬೋಟ್ಸ್ ಕಡತ ಯಾರು ಬೇಕಾದರೂ ತೆರೆದು ಓದುವಂಥದ್ದು. 'ಕರಡು ಫೋಲ್ಡರಿಗೆ ಬರಬೇಡಿ' ಎಂದು ಅಲ್ಲಿ ಬರೆದರೆ ಕರಡುಗಳು ಎಲ್ಲಿವೆ ಎಂದು ನೀವೇ ಬೋರ್ಡ್ ಹಾಕಿದ ಹಾಗೆ. 1994ರಿಂದ ಇರುವ ಈ ಪದ್ಧತಿಗೆ 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಅಧಿಕೃತ ಮಾನದಂಡವೂ ಬಂದಿದೆ. ಇದು ಪ್ರವೇಶ ತಡೆಯುವ ಭದ್ರತೆ ಅಲ್ಲ ಎಂದು ಅದರಲ್ಲೇ ಹೇಳಿದೆ. ನೋಇಂಡೆಕ್ಸ್ ಸಾಲನ್ನು ಆ ಕಡತದೊಳಗೇ ಬರೆಯಿರಿ ಎನ್ನುವ ಹಳೆಯ ಸಲಹೆ ಇನ್ನೂ ಅಲ್ಲಲ್ಲಿ ಓಡಾಡುತ್ತಿದೆ. ಗೂಗಲ್ 2019ರ ಸೆಪ್ಟೆಂಬರ್ 1ರಿಂದಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ.

ವರ್ಡ್‌ಪ್ರೆಸ್‌ನಲ್ಲಿ ಇನ್ನೊಂದು ಇದೆ. ಲೇಖನ ಡ್ರಾಫ್ಟ್ ಆಗಿದ್ದರೂ ಅದಕ್ಕೆಂದು ಅಪ್‌ಲೋಡ್ ಮಾಡಿದ ಫೋಟೋ, ಪಿಡಿಎಫ್ ಡ್ರಾಫ್ಟ್ ಅಲ್ಲ. ಅವು ಅಪ್‌ಲೋಡ್ಸ್ ಫೋಲ್ಡರಿನಲ್ಲಿ, ಇಸವಿ ಮತ್ತು ತಿಂಗಳ ಹೆಸರಿನ ಫೋಲ್ಡರ್ ಒಳಗೆ, ಎಲ್ಲರಿಗೂ ತೆರೆದೇ ಇರುತ್ತವೆ. ಹೊರಗೆ ಹೋಗಬಾರದ ಕಡತ ಇದ್ದರೆ ಪ್ರಕಟಿಸುವ ದಿನವೇ ಹಾಕಿ.

ಗಿಟ್‌ಹಬ್ ಪೇಜಸ್ ಬಳಸುವವರಿಗೆ ಎರಡು ಮಾತು. ಅಲ್ಲಿ ನಮಗೆ ಬೇಕಾದ ಹೆಡರ್ ಹಾಕಲು ಬರುವುದಿಲ್ಲ, ಮೆಟಾ ಟ್ಯಾಗೇ ಗತಿ. ರೆಪೊ (ಸೈಟಿನ ಕಡತಗಳನ್ನು ಇಟ್ಟಿರುವ ಜಾಗ) ಸಾರ್ವಜನಿಕವಾಗಿದ್ದರೆ ಕರಡಿನ ಮೂಲ ಕಡತವನ್ನು ಅಲ್ಲೇ ಓದಬಹುದು, ಸೈಟ್ ತಯಾರಿಸುವ ಹ್ಯೂಗೋ ತಂತ್ರಾಂಶದಲ್ಲಿ ಡ್ರಾಫ್ಟ್ ಎಂದು ಗುರುತು ಹಾಕಿದ್ದರೂ ಕೂಡ.

ಪುಟ ಆಗಲೇ ಗೂಗಲ್‌ನಲ್ಲಿ ಬಂದುಬಿಟ್ಟಿದ್ದರೆ ಗಾಬರಿ ಬೇಡ. ಮೊದಲು ಪುಟ ತೆಗೆಯಿರಿ, ಇಲ್ಲವೇ ಪಾಸ್‌ವರ್ಡ್ ಅಥವಾ ನೋಇಂಡೆಕ್ಸ್ ಹಾಕಿ. ಆಮೇಲೆ ಸೈಟಿನ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ರಿಮೂವಲ್ಸ್‌ನಲ್ಲಿ ವಿಳಾಸ ಕೊಡಿ. ಅದು ಸುಮಾರು 6 ತಿಂಗಳು ಮಾತ್ರ ಮರೆಮಾಡುತ್ತದೆ, ಅದಕ್ಕೇ ಮೊದಲ ಹೆಜ್ಜೆ ಬಿಡಬಾರದು. ಬಿಂಗ್‌ಗೆ ಬೇರೆಯಾಗಿ ಕೇಳಬೇಕು. ಹಳೆಯ ಪುಟಗಳನ್ನು ಕೂಡಿಡುವ ವೇಬ್ಯಾಕ್ ಮಷಿನ್‌ನಲ್ಲಿ ಪ್ರತಿ ಉಳಿದಿದ್ದರೆ ಅದನ್ನು ನಡೆಸುವ ಇಂಟರ್ನೆಟ್ ಆರ್ಕೈವ್‌ಗೆ ಇಮೇಲ್ ಬರೆಯಬೇಕು.

ಸರಿಯಾಗಿದೆಯೇ ಎಂದು ನೋಡಲು ಪುಟ ತೆರೆದು ಕಂಟ್ರೋಲ್ ಮತ್ತು ಯು ಒತ್ತಿ, ಮೂಲದಲ್ಲಿ ನೋಇಂಡೆಕ್ಸ್ ಪದ ಹುಡುಕಿ. ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಲೈವ್ ಟೆಸ್ಟ್ ಮಾಡಿದರೆ ಗೂಗಲ್‌ಗೆ ಅದು ಕಾಣುತ್ತಿದೆಯೇ ಎಂದೂ ಗೊತ್ತಾಗುತ್ತದೆ.

ಪ್ರಕಟಿಸುವ ದಿನ ಪಾಸ್‌ವರ್ಡ್, ನೋಇಂಡೆಕ್ಸ್ ಎಲ್ಲವನ್ನೂ ತೆಗೆಯಬೇಕು. ವಿಶೇಷವಾಗಿ ಪರೀಕ್ಷೆಗೆಂದು ಮಾಡಿದ ಸೈಟನ್ನು ಡೇಟಾಬೇಸ್ ಸಮೇತ ಅಸಲಿ ಜಾಗಕ್ಕೆ ತರುವಾಗ, ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನ ರೀಡಿಂಗ್‌ನಲ್ಲಿ ಸರ್ಚ್ ಎಂಜಿನ್‌ಗಳಿಗೆ ಬೇಡ ಎಂದು ಹಾಕಿದ್ದ ಟಿಕ್ ಕೂಡ ಜೊತೆಗೇ ಬರುತ್ತದೆ. ಅದನ್ನು ತೆಗೆದು, ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಮುಖಪುಟದ ವಿಳಾಸ ಕೊಟ್ಟು ರಿಕ್ವೆಸ್ಟ್ ಇಂಡೆಕ್ಸಿಂಗ್ ಒತ್ತಿ.